ಎರಡನೆಯ ಕಾರಣ

ಈ ಕಥೆಯನ್ನು ಮೊದಲು ಹೇಳಿದವರು ನಾಯಕಿಯ ಅಕ್ಕ. ಬೆಸುಗೆ ಕಲಿಸುವ ತರಬೇತಿ ಕೇಂದ್ರವೊಂದರ ಉಪಕರಣ ಕೋಣೆ ಆಗ ಅವರ ಸುಪರ್ದಿನಲ್ಲಿತ್ತು; ಕಥೆ ನಡೆದ ಕಾಲಕ್ಕೆ ಅವರಿನ್ನೂ ಅಲ್ಲಿ ಸೇರಿರಲಿಲ್ಲ. ಚಳಿಗಾಲದ ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಯಂತ್ರಗಳೆಲ್ಲ ನಿಂತುಹೋದಾಗ, ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ಕುಳಿತಿದ್ದವರ ಬೇಸರ ಕಳೆಯಲು ಅವರು ಇದನ್ನು ಹೇಳಿದರು. ತಾವು ಕಣ್ಣಾರೆ ಕಾಣದ ಭಾಗವನ್ನು ತಂಗಿಯಿಂದಲೂ ಜೊತೆಯಲ್ಲಿದ್ದವರಿಂದಲೂ ಕೇಳಿ ಜೋಡಿಸಿಕೊಂಡಿದ್ದರು. ಮುಂದೆ ಇದು ಹಲವರ ಬಾಯಲ್ಲಿ ಹಲವು ರೀತಿ ಬೆಳೆದಿದೆ. ಇಲ್ಲಿರುವುದು ಅಕ್ಕ ಹೇಳಿದ ರೂಪ.

"ನನ್ನ ತಂಗಿಗೆ ಇಲ್ಲಿ ಎಲ್ಲರೂ 'ಎರಡನೇ ಕಣ್ಣು' ಅಂತಿದ್ರು," ಎಂದು ಅವರು ಆರಂಭಿಸಿದರು.

ಆ ಹೆಸರು ಅವಳ ಕೆಲಸದಿಂದ ಬಂದದ್ದು. ಕಲಿಯುವವರು ಪರೀಕ್ಷೆಯ ದಿನ ಎರಡು ಕಬ್ಬಿಣದ ಪಟ್ಟಿಗಳನ್ನು ಬೆಸೆದುಕೊಡುತ್ತಾರೆ. ಮೇಷ್ಟ್ರು ಅದನ್ನು ನೋಡಿ ಪಾಸೋ ಫೇಲೋ ಎನ್ನುತ್ತಾರೆ. ಆ ತೀರ್ಪು ಸರಿಯೇ ಎಂದು ಇನ್ನೊಮ್ಮೆ ನೋಡುವುದು ಅವಳ ಕೆಲಸ. ಮೇಜಿನ ಮೇಲಿನ ತುಂಡುಗಳಲ್ಲಿ ತನಗೆ ತೋಚಿದ ಕೆಲವನ್ನು ಆರಿಸಿ, ಪ್ರೆಸ್ಸಿಗೆ ಕೊಟ್ಟು ಬಾಗಿಸುತ್ತಾಳೆ. ಗಟ್ಟಿ ಬೆಸುಗೆ ಬಾಗುತ್ತದೆ, ಟೊಳ್ಳು ಬೆಸುಗೆ ಬಿರಿಯುತ್ತದೆ. ಯಾವ ತುಂಡನ್ನು ಎತ್ತುತ್ತಾಳೆಂದು ಮೇಷ್ಟ್ರಿಗೂ ಮೊದಲೇ ತಿಳಿಯಬಾರದು. ಅವಳು ಒಪ್ಪದೆ ಒಂದು ಅರ್ಹತಾಪತ್ರವೂ ಹೊರಗೆ ಹೋಗುವಂತಿರಲಿಲ್ಲ.

ಹೊಸ ಮೇಷ್ಟ್ರು ಬಂದ ಮೇಲಿನ ಮೊದಲ ಪರೀಕ್ಷೆಯಲ್ಲೇ ಕಿಡಿ ಹತ್ತಿತು.

"ಇದನ್ನ ಪಾಸ್ ಮಾಡಿದ್ದು ನೀವೇನಾ?"

"ಹೌದು. ಯಾಕೆ, ಚೆನ್ನಾಗಿಲ್ವಾ?"

"ಮೇಲೆ ಚೆನ್ನಾಗಿದೆ."

ಅವಳು ಪ್ರೆಸ್ಸಿನ ಹಿಡಿಯನ್ನು ಇಳಿಸಿದಳು. ತುಂಡು ಅರ್ಧ ಬಾಗುವಷ್ಟರಲ್ಲಿ ಬೆಸುಗೆಯ ನಡುವೆ ಕಪ್ಪು ಗೆರೆಯೊಂದು ಬಾಯಿಬಿಟ್ಟಿತು. ಶೆಡ್ಡಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು.

"ಶುರುವಾಯ್ತಪ್ಪ," ಎಂದರು ಲೋಹ ಕಡೆಯುವುದನ್ನು ಕಲಿಸುವ ಲೇತ್ ಮೇಷ್ಟ್ರು. ನಗಿಸುವುದನ್ನು ಹಕ್ಕಿನಂತೆ ಭಾವಿಸಿದ್ದ ಮನುಷ್ಯ. "ಇವರ ಕೈಯಲ್ಲಿ ಮುರೀದೇ ಉಳಿದಿರೋದು ಆ ಪ್ರೆಸ್ ಒಂದೇ ಕಣ್ರೀ, ಹೊಸ ಮೇಷ್ಟ್ರೇ."

ಹೊಸ ಮೇಷ್ಟ್ರು ನಗಲಿಲ್ಲ. ಬಿರಿದ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇದನ್ನ ಬೆಸೆದ ಹುಡುಗಿ ಕೈ ಓಡಿಸೋದು ನೋಡ್ತಾ ನಿಂತಿದ್ದೆ. ಕೈ ಅಷ್ಟು ಚೆನ್ನಾಗಿತ್ತು. ತುಂಡನ್ನ ಸರಿಯಾಗಿ ನೋಡ್ಲೇ ಇಲ್ಲ."

"ನಾವು ಪಾಸ್ ಮಾಡೋದು ಕೈಯನ್ನಲ್ಲ ಸರ್, ತುಂಡನ್ನ."

"ಸರಿ. ತಪ್ಪು ನನ್ನದು. ಉಳಿದವನ್ನೂ ಬಾಗಿಸಿ. ಎಲ್ಲಾನೂ."

"ಎಲ್ಲಾ ಬಾಗಿಸೋ ಪದ್ಧತಿ ಇಲ್ಲ."

"ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂದಿದೆ. ಪದ್ಧತಿ ಕಟ್ಕೊಂಡು ಏನ್ಮಾಡ್ಲಿ?"

ಅವಳು ವಾದಕ್ಕೆ ಸಿದ್ಧಳಾಗಿ ಬಂದಿದ್ದಳು. ವಾದವೇ ಸಿಗದೆ ಬರಿಗೈಯಲ್ಲಿ ನಿಂತುಬಿಟ್ಟಳು. ಎಷ್ಟೋ ಮೇಷ್ಟ್ರುಗಳು ಅವಳೆದುರು ಸಿಡುಕಿದ್ದರು, ಪ್ರಾಂಶುಪಾಲರಿಗೆ ದೂರು ಕೊಟ್ಟಿದ್ದರು, ಪ್ರೆಸ್ಸೇ ಸರಿಯಿಲ್ಲ ಎಂದಿದ್ದರು. 'ತಪ್ಪು ನನ್ನದು' ಎಂದವನು ಇವನೊಬ್ಬನೇ...

ಅಕ್ಕ ಇಲ್ಲಿ ಸ್ವಲ್ಪ ತಡೆದು, ತಮ್ಮ ಮನೆಯ ಸಂಗತಿ ಹೇಳಿದರು.

ಅಕ್ಕನ ಗಂಡ ಗಾರೆ ಕೆಲಸದವರು. ಎತ್ತರದ ಗೋಡೆಯೊಂದಕ್ಕೆ ಸಾರಣೆ ಮಾಡುತ್ತಿದ್ದಾಗ ಅವರು ನಿಂತಿದ್ದ ಅಟ್ಟಣಿಗೆಯ ಆಸರೆ ಕಳಚಿತು. ಬೆಸುಗೆ ಬಿಟ್ಟಿತ್ತು, ಬಿದ್ದವರು ಉಳಿಯಲಿಲ್ಲ. ಬೆಸೆದವನ ಬಳಿ ಅರ್ಹತಾಪತ್ರವಿತ್ತು, ಅವನ ಪರೀಕ್ಷೆಯನ್ನು ಮಾತ್ರ ಯಾರೂ ಎರಡನೆಯ ಬಾರಿ ನೋಡಿರಲಿಲ್ಲ. ತಂಗಿ ಈ ಕೆಲಸಕ್ಕೆ ಸೇರಿದ್ದು ಆಮೇಲೆ. ಭಾವನ ಕುರ್ಚಿ ಕಿಟಕಿಯ ಬಳಿ ಇಟ್ಟಲ್ಲೇ ಇತ್ತು. ಬೆಸುಗೆಯ ಹೊಗೆ ಹತ್ತಿದ ಬಟ್ಟೆಯನ್ನು ಅಕ್ಕ ಮನೆಯೊಳಗೆ ತರಗೊಡುತ್ತಿರಲಿಲ್ಲ. ತಂಗಿ ದಿನವೂ ಹಿತ್ತಲ ಬಾಗಿಲಲ್ಲಿ ಬಟ್ಟೆ ಬದಲಿಸಿ, ಕಳ್ಳಿಯಂತೆ ಒಳಗೆ ಬರುತ್ತಿದ್ದಳು.

ತಿಂಗಳುಗಳು ಕಳೆದವು. ಪ್ರತಿ ಪರೀಕ್ಷೆಯ ಮರುದಿನ ಅವಳೂ ಹೊಸ ಮೇಷ್ಟ್ರೂ ಶೆಡ್ಡಿನ ಉತ್ತರದ ಕಿಟಕಿಯ ಬಳಿ ನಿಂತು ತುಂಡುಗಳನ್ನು ನೋಡುತ್ತಿದ್ದರು. ಅವನ ತೀರ್ಪುಗಳು ಹರಿತವಾಗುತ್ತ ಹೋದವು.

"ಮನೇಲೂ ಹೀಗೇನಾ?" ಎಂದು ಅವನೊಮ್ಮೆ ಕೇಳಿದ. "ಮಡಚಿಟ್ಟ ಹೊದಿಕೆನೂ ಬಿಚ್ಚಿ ನೋಡ್ತೀರಾ?"

"ಅಕ್ಕ ಮಡಚಿದ್ರೆ ನೋಡಲ್ಲ. ನಾನು ಮಡಚಿದ್ರೆ ಅಕ್ಕ ಬಿಚ್ಚಿ ನೋಡ್ತಾಳೆ."

"ಅಂದ್ರೆ ನಿಮಗೂ ಒಂದು ಎರಡನೇ ಕಣ್ಣಿದೆ."

ಅವಳು ನಕ್ಕಳು. ನಕ್ಕದ್ದು ತನ್ನ ಕಿವಿಗೇ ಹೊಸದಾಗಿ ಕೇಳಿಸಿತು. 'ಇವನು ಎದುರಿಗಿದ್ದರೆ ಬೆಳಕು ಸಾಲದಿದ್ದರೂ ಗೊತ್ತಾಗುವುದಿಲ್ಲವಲ್ಲ...' ಎಂದುಕೊಂಡು, ಆ ಯೋಚನೆಗೇ ಬೆಚ್ಚಿದಳು.

ಬೆಚ್ಚಿದ್ದು ಸರಿಯಾಗಿಯೇ ಇತ್ತು.

ಮುಂದಿನ ಪರೀಕ್ಷೆಯಲ್ಲಿ ಅವನು ಪಾಸ್ ಮಾಡಿದ ತುಂಡುಗಳನ್ನು ಅವಳು ಆರಿಸುತ್ತಿದ್ದಳು. ಒಂದರ ಅಂಚಿನಲ್ಲಿ ಬಣ್ಣ ಕೊಂಚ ಬೇರೆಯಾಗಿತ್ತು. ಕೈ ಅದರತ್ತ ಹೋಯಿತು. ಹೋದ ಕೈ ಮುಟ್ಟದೆ ಸರಿದು, ಪಕ್ಕದ ತುಂಡನ್ನು ಎತ್ತಿಕೊಂಡಿತು.

ಅಷ್ಟೇ. ಯಾರೂ ನೋಡಲಿಲ್ಲ. ಅವಳಿಗೂ ಆಗ ತಿಳಿಯಲಿಲ್ಲ.

ಸಂಜೆ ಹಿತ್ತಲ ಬಾಗಿಲಲ್ಲಿ ಬಟ್ಟೆ ಬದಲಿಸುವಾಗ ಒಮ್ಮೆಲೇ ಹೊಳೆಯಿತು. ಆ ತುಂಡು ಬಿರಿದಿದ್ದರೆ ಅವನ ಮುಖ ಬಾಡುತ್ತಿತ್ತು. ಅದಕ್ಕೇ ಕೈ ಸರಿದಿತ್ತು. ಭಾವನ ಆಸರೆಯನ್ನು ಬೆಸೆದವನ ತುಂಡಿನ ಮೇಲಿನಿಂದಲೂ ಯಾರದೋ ಕೈ ಹೀಗೆಯೇ, ಯಾವುದೋ ಮಮತೆಯಿಂದ, ಸರಿದುಹೋಗಿತ್ತೇ?

ಬೆಳಗಾದೊಡನೆ ಹೋಗಿ, ಶೆಡ್ಡು ತುಂಬುವ ಮೊದಲೇ ಆ ತುಂಡನ್ನು ಬಾಗಿಸಿದಳು. ತುಂಡು ಬಿರಿಯಲಿಲ್ಲ. ಬೆಸುಗೆ ಗಟ್ಟಿಯಿದ್ದದ್ದು ಅವಳ ಪುಣ್ಯವೇ ಹೊರತು ಅವಳ ಕೆಲಸವಲ್ಲ.

ನೇರವಾಗಿ ಪ್ರಾಂಶುಪಾಲರ ಕೋಣೆಗೆ ಹೋದಳು.

"ಹೊಸ ಮೇಷ್ಟ್ರ ತೀರ್ಪು ಇನ್ಮೇಲೆ ನಾನು ನೋಡಲ್ಲ ಸರ್. ಬೇರೆಯವರಿಗೆ ಕೊಡಿ."

"ಯಾಕಮ್ಮ?"

"ನೋಡಕ್ಕಾಗಲ್ಲ ಸರ್."

ಆ ಕಸುಬಿನಲ್ಲಿ ಹಾಗೆ ಹಿಂದೆ ಸರಿಯಲು ಇರುವುದು ಎರಡೇ ಕಾರಣ. ಮೊದಲನೆಯದು, ತೀರ್ಪು ಕೊಟ್ಟವನ ಪ್ರಾಮಾಣಿಕತೆಯಲ್ಲಿ ನಂಬಿಕೆಯಿಲ್ಲದಿರುವುದು. ಎರಡನೆಯದು, ಅವನು ತನ್ನವನಾಗಿರುವುದು: ಅಣ್ಣ, ತಮ್ಮ, ಗಂಡ, ನೆಂಟ. ಪ್ರಾಂಶುಪಾಲರು ಕನ್ನಡಕ ತೆಗೆದು ಅವಳ ಮುಖ ನೋಡಿದರು. ಸಂಬಂಧಿಕನಂತೂ ಅಲ್ಲ. ಹಾಗಾದರೆ ಉಳಿದದ್ದು ಮೊದಲನೆಯದೇ.

"ಅಷ್ಟು ಕೆಟ್ಟಿದೆಯಾ?" ಎಂದರು.

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬಿಟ್ಟರೆ ಮಾತು ಮನೆಯವರೆಗೆ ಹೋಗುತ್ತದೆ. ಅಕ್ಕನ ಮನೆಗೆ ಬೆಸುಗೆಯವನೊಬ್ಬನನ್ನು ಯಾವ ಮುಖದಿಂದ ಕರೆತರುವುದು? ಅವಳು ತಲೆ ತಗ್ಗಿಸಿ ಹೊರಗೆ ಬಂದಳು.

ಸಂಜೆಯೊಳಗೆ ಅವನನ್ನು ಪರೀಕ್ಷೆಯ ಕೆಲಸದಿಂದ ನಿಲ್ಲಿಸಿದರು. ಅವನ ಕೈಕೆಳಗೆ ಪಾಸಾದವರ ಅರ್ಹತಾಪತ್ರಗಳೂ ತಡೆಹಿಡಿಯಲ್ಪಟ್ಟವು. ಮರುದಿನ ಮಾತಿಗೆ ರೆಕ್ಕೆ ಬಂದಿತು.

"ಏನೋ ತಿಂದು ಪಾಸ್ ಮಾಡಿದ್ದಾನಂತೆ."

"ಎರಡನೇ ಕಣ್ಣಿಗೇ ಬೇಡವಾದ ಅಂದ್ಮೇಲೆ, ಸುಮ್ನೆ ಇರುತ್ತಾ?"

ಅವನು ಅವಳನ್ನು ಕಂಡದ್ದು ಕೈ ತೊಳೆಯುವ ತೊಟ್ಟಿಯ ಬಳಿ.

"ನನ್ನ ತಪ್ಪು ಏನು ಅಂತ ಒಂದ್ಸಲ ತೋರ್ಸಿ," ಎಂದ. ದನಿ ಏರಿರಲಿಲ್ಲ. "ಮೊದಲ ದಿನ ತೋರಿಸಿದ್ರಲ್ಲ, ಹಾಗೆ. ಒಪ್ಕೊಳ್ತೀನಿ."

"ತಪ್ಪಿಲ್ಲ."

"ತಪ್ಪಿಲ್ದೇನೇ ನೋಡಲ್ಲ ಅಂದ್ರಾ?"

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು.

"ನಾನು ಕಲಿಸಿದ ಮಕ್ಕಳು ಬಂದು, 'ನಮ್ಮ ಬೆಸುಗೆ ಸುಳ್ಳಾ ಸರ್' ಅಂತ ಕೇಳ್ತಿದಾರೆ. ಅವರಿಗೆ ಏನು ಹೇಳ್ಲಿ? ಅದನ್ನಾದ್ರೂ ಹೇಳಿ."

"ದಯವಿಟ್ಟು... ಹೋಗಿ."

ಅವನು ನಲ್ಲಿ ನಿಲ್ಲಿಸಿ ಹೋದ. ಹಡಗು ಕಟ್ಟೆಯೊಂದರಲ್ಲಿ ಕೆಲಸ ಹಿಡಿದಿದ್ದಾನೆ, ವಾರದ ಕೊನೆಗೆ ಹೊರಡುತ್ತಾನೆ ಎಂಬ ಸುದ್ದಿ ಲೇತ್ ಮೇಷ್ಟ್ರಿಂದ ಬಂತು. ಅದನ್ನು ಹೇಳುವಾಗ ಅವರು ಯಾರನ್ನೂ ನಗಿಸಲಿಲ್ಲ.

ಅವಳಿಗೆ ಅನ್ನ ಸೇರಲಿಲ್ಲ. ಅಕ್ಕ ತಟ್ಟೆಯನ್ನು ಒಮ್ಮೆ, ತಂಗಿಯ ಮುಖವನ್ನು ಒಮ್ಮೆ ನೋಡಿದಳು.

"ನಿಮ್ಮಲ್ಲಿ ಯಾರನ್ನೋ ಪರೀಕ್ಷೆ ಕೆಲಸದಿಂದ ತೆಗೆದ್ರಂತೆ. ಪಕ್ಕದ ಮನೆಯವಳು ಹೇಳಿದ್ಲು. ಅವನ ಕೈ ಕೆಟ್ಟದ್ದಾ?"

"ಇಲ್ಲ."

"ಬುದ್ಧಿ?"

"ಇಲ್ಲ ಅಕ್ಕ."

"ಮತ್ತೆ ನೀನ್ಯಾಕೆ ನೋಡಲ್ಲ ಅಂದೆ?"

ತಂಗಿಯ ಕಣ್ಣೀರು ತಟ್ಟೆಗೆ ಬಿತ್ತು. ಅಕ್ಕನಿಗೆ ಅಷ್ಟು ಸಾಕಾಯಿತು.

"ನನಗೆ ಹೆದರಿ ಬಾಯಿ ಮುಚ್ಕೊಂಡೆಯಾ?"

"ಅವರ ಬಟ್ಟೇಲೂ ಅದೇ ಹೊಗೆ ಅಕ್ಕ."

ಅಕ್ಕ ಕಿಟಕಿಯ ಬಳಿಯ ಕುರ್ಚಿಯತ್ತ ತಿರುಗಿದಳು.

"ನಿನ್ನ ಭಾವನ ಬಟ್ಟೇಲಿ ಸಿಮೆಂಟಿನ ವಾಸನೆ ಇರೋದು. ನನಗೆ ಅದೂ ಸೇರ್ತಿರಲಿಲ್ಲ. ಬಯ್ತಿದ್ದೆ. ಈಗ ಎಲ್ಲಿ ಹೋಗಿ ಹುಡುಕ್ಲಿ ಅದನ್ನ?"

ತಂಗಿ ತಲೆಯೆತ್ತಿದಳು.

"ಅವರನ್ನ ಕೊಂದಿದ್ದು ಹೊಗೆಯಲ್ಲ ಕಣೇ," ಎಂದಳು ಅಕ್ಕ. "ಹೇಳಬೇಕಾದೋರು ಹೇಳದೇ ಸುಮ್ಮನಿದ್ದದ್ದು. ಈಗ ನೀನೂ ಸುಮ್ಮನಿದೀಯ. ಮೊದಲು ಊಟ ಮುಗಿಸು. ಹಸಿದ ಹೊಟ್ಟೇಲಿ ನಿಜ ಹೇಳಕ್ಕೆ ಹೋದ್ರೆ ದನಿ ನಡುಗುತ್ತೆ."

ಅವನು ಹೊರಡುವ ದಿನವೇ ಕೇಂದ್ರದಲ್ಲಿ 'ಕಣ್ಣು ಹೊಂದಿಸುವ ಸಭೆ' ಇತ್ತು. ಪರೀಕ್ಷೆಗೆ ಮುನ್ನ ಮೇಷ್ಟ್ರುಗಳೆಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಒಂದೇ ತುಂಡು ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರೂ ತಮ್ಮ ತೀರ್ಪನ್ನು ಗುಟ್ಟಾಗಿ ಬರೆದು, ಕೊನೆಗೆ ಎಲ್ಲರದೂ ಒಂದೇ ಆಗಿದೆಯೇ ಎಂದು ನೋಡುತ್ತಾರೆ. ತುಂಡು ಲೇತ್ ಮೇಷ್ಟ್ರ ಕೈಯಲ್ಲಿದ್ದಾಗ ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಕೇಂದ್ರದ ಮುಖವಾಡ, ಕೈಗವಸು ಹಿಂತಿರುಗಿಸಲು ಬಂದಿದ್ದ.

ಅವಳು ಎದ್ದು ನಿಂತಳು.

"ಸರ್, ಮೊನ್ನೆ ನಾನು ಕಾರಣ ಹೇಳಲಿಲ್ಲ. ನೀವು ಮೊದಲನೇದು ಅಂದ್ಕೊಂಡ್ರಿ. ಅದಲ್ಲ. ಎರಡನೇದು."

ಪ್ರಾಂಶುಪಾಲರಿಗೆ ಕೂಡಲೇ ಅರ್ಥವಾಗಲಿಲ್ಲ. "ಎರಡನೇದು ಅಂದ್ರೆ... ಇವರು ನಿಮಗೆ ಸಂಬಂಧಿಕರಾ?"

"ಇನ್ನೂ ಆಗಿಲ್ಲ ಸರ್."

ಲೇತ್ ಮೇಷ್ಟ್ರು ಕೈಯಲ್ಲಿದ್ದ ತುಂಡನ್ನೇ ಜೀವಮಾನದಲ್ಲಿ ಕಬ್ಬಿಣ ಕಾಣದವರಂತೆ ನೋಡತೊಡಗಿದರು.

"ಇವರು ಪಾಸ್ ಮಾಡಿದ ಒಂದು ತುಂಡಿನ ಮೇಲೆ ನನಗೆ ಅನುಮಾನ ಬಂತು. ಆದ್ರೂ ಕೈ ಅದನ್ನ ಎತ್ತಲಿಲ್ಲ. ಇವರದು ಅಂತ ಎತ್ತಲಿಲ್ಲ. ತುಂಡು ಗಟ್ಟಿಯಾಗೇ ಇತ್ತು ಸರ್. ಕೆಟ್ಟಿದ್ದು ನನ್ನ ಕಣ್ಣು." ಅವಳ ದನಿ ನಡುಗಲಿಲ್ಲ. "ಇವರ ತೀರ್ಪುಗಳನ್ನೆಲ್ಲ ಹೊರಗಿನವರು ಬಂದು ನೋಡ್ಲಿ. ನಾನು ಸರಿ ಅಂದಿದ್ದನ್ನೂ ಸೇರಿಸಿ."

ಆಗ ಎಲ್ಲರೂ ಚಪ್ಪಾಳೆ ತಟ್ಟಿದರು ಎಂದು ಕೆಲವರು ಹೇಳುತ್ತಾರೆ. ಅಕ್ಕ ಅದನ್ನು ಒಪ್ಪುವುದಿಲ್ಲ. "ಯಾರೂ ತಟ್ಟಲಿಲ್ಲ. ಎಲ್ಲರಿಗೂ ಮುಜುಗರ. ಒಬ್ಬರಂತೂ ನೀರು ಕುಡಿಯೋ ನೆಪದಲ್ಲಿ ಎದ್ದುಹೋದ್ರಂತೆ."

ನಿಜಕ್ಕೆ ಬೆಲೆಯೂ ತೆರಬೇಕಿತ್ತು. ಪ್ರಾಂಶುಪಾಲರು ಅಂದೇ ಅವಳನ್ನು ಆ ಕೆಲಸದಿಂದ ಬಿಡಿಸಿದರು. ವರ್ಷಗಳಿಂದ ಕಟ್ಟಿಕೊಂಡ ಹೆಸರು ಒಂದು ಬೆಳಿಗ್ಗೆಯಲ್ಲಿ ಹೋಯಿತು. ಬೇರೆ ಕೇಂದ್ರದಿಂದ ಬಂದ ಹಿರಿಯ ಪರಿಶೀಲಕಿ ಉಳಿದ ತುಂಡುಗಳನ್ನೆಲ್ಲ ಬಾಗಿಸಿದಳು. ಒಂದೆರಡು ಬಿರಿದವು, ಅಷ್ಟು ಯಾವ ಮೇಷ್ಟ್ರ ಕೈಯಲ್ಲಾದರೂ ಬಿರಿಯುತ್ತವೆ. ಅವನ್ನು ಬೆಸೆದವರು ಮತ್ತೆ ಪರೀಕ್ಷೆಗೆ ಕುಳಿತರು. ಉಳಿದವರ ಅರ್ಹತಾಪತ್ರಗಳು ಬಿಡುಗಡೆಯಾದವು, ಅವನಿಗೆ ಪರೀಕ್ಷೆಯ ಕೆಲಸವೂ ಮರಳಿತು. ಅಷ್ಟರವರೆಗೆ ಅವನು ಹೊರಡದೆ ಉಳಿದಿದ್ದರಿಂದ ಹಡಗು ಕಟ್ಟೆಯವರು ಕಾದು ಕಾದು ಬೇರೆಯವರನ್ನು ತೆಗೆದುಕೊಂಡರು.

ಪರಿಶೀಲಕಿ ಹೊರಟ ಸಂಜೆ ಅವನು ಪ್ರೆಸ್ಸಿನ ಬಳಿ ನಿಂತಿದ್ದ. ಅವಳು ತನ್ನ ಮೇಜು ಖಾಲಿ ಮಾಡಿ ಆ ದಾರಿಯಲ್ಲೇ ಬಂದಳು.

"ಅಷ್ಟು ಜನರ ಮುಂದೆ ಯಾಕೆ ಹೇಳಿದ್ರಿ? ನನಗೊಬ್ಬನಿಗೆ ಹೇಳಿದ್ರೆ ಸಾಕಿತ್ತು."

"ನಿಮ್ಮ ಮಾನ ಹೋಗಿದ್ದು ಅವರೆಲ್ಲರ ಮುಂದೆ."

"ನನಗೆ ಕೋಪ ಇನ್ನೂ ಹೋಗಿಲ್ಲ."

"ಗೊತ್ತು. ಹೋಗೋವರೆಗೂ ಕಾಯ್ತೀನಿ."

"ಹೋದ್ಮೇಲೆ?"

"ಆಮೇಲೂ ಇರ್ತೀನಿ."

ಬಿರಿದ ತುಂಡೊಂದು ಪ್ರೆಸ್ಸಿನಲ್ಲೇ ಉಳಿದಿತ್ತು. ಅವನು ಅದನ್ನು ತೆಗೆದು ಪಕ್ಕಕ್ಕಿಟ್ಟ.

"ಮುಂದೆ ನಿಮ್ಮ ಕೆಲಸ ನಿಮಗೆ ವಾಪಸ್ ಬಂದ್ರೂ... ನನ್ನ ತೀರ್ಪನ್ನ ನೀವು ಯಾವತ್ತೂ ನೋಡಲ್ಲ, ಅಲ್ವಾ?"

"ಯಾವತ್ತೂ ಇಲ್ಲ."

ಅವನ ಮುಖದ ಬಿಗಿ ಮೊದಲ ಬಾರಿಗೆ ಸಡಿಲವಾಯಿತು.

"ಹಾಗಿದ್ರೆ ಸರಿ," ಎಂದ. "ನಡೀರಿ, ಮನೆವರೆಗೂ ಬರ್ತೀನಿ."

ಅಕ್ಕ ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಬಾಗಿಲಲ್ಲಿದ್ದವಳೊಬ್ಬಳು ಕೇಳಿದಳು: "ಈಗ ನಿಮ್ಮನೇಲಿ ಹೊಗೆ ವಾಸನೆ ಬರುತ್ತಾ ಅಕ್ಕ?"

"ದಿನಾ ಸಂಜೆ. ಬಾಗಿಲು ತೆಗೆಯೋಳು ನಾನೇ. ಮುಂದಿನ ಬಾಗಿಲು."

ಕಿಟಕಿಯ ಬಳಿಯ ಕುರ್ಚಿಯ ವಿಷಯವನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಿದ್ಯುತ್ ಬರಲೇ ಇಲ್ಲ. ಕತ್ತಲಾಗುತ್ತಿತ್ತು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಬಟ್ಟೆ ಕೊಡವಿಕೊಂಡು ಎದ್ದರು, ಕೈಗವಸುಗಳನ್ನು ಅಕ್ಕನಿಗೆ ಒಪ್ಪಿಸಿದರು. ಪ್ರಶ್ನೆ ಕೇಳಿದ್ದವಳು ಹೊರಗಿನ ಕಬ್ಬಿಣದ ಮೆಟ್ಟಿಲ ಬಳಿ ತಡೆದು, ಬಗ್ಗಿ, ಮೆಟ್ಟಿಲ ಅಡಿಯ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಅವಳೂ ಇಳಿದು ಮನೆಗೆ ಹೋದಳು.