ಇಳಿಯುವಾಗ ಕಟ್ಟಬಾರದ ಹಗ್ಗ

ಬರ್ಗಂಡಿಯ ಕಾಲುವೆಯೊಂದರಲ್ಲಿ ನಾನೂ ನನ್ನ ಹೆಂಡತಿ ಟ್ರೂಸೂ ನಮ್ಮ ದೋಣಿಯಲ್ಲಿ ನಿಧಾನಕ್ಕೆ ಹೋಗುತ್ತಿದ್ದ ಬೇಸಿಗೆ ಅದು. ಮಧ್ಯಾಹ್ನ, ಗೇಟು ಕಾಯುವವರೆಲ್ಲ ಊಟಕ್ಕೆ ಹೋಗುವ ಹೊತ್ತು. ಆದರೂ ದೋಣಿಯನ್ನು ಮೇಲಿನ ಮಟ್ಟಕ್ಕೆ ಏರಿಸುವ ತೊಟ್ಟಿಯ ಗೇಟು ತೆರೆದೇ ಇತ್ತು. ಒಳಗೆ ಹೋದೆವು. ಪಾಚಿ ಹಿಡಿದ ಎತ್ತರದ ಗೋಡೆ. ಮೇಲೆ ಯಾರಿದ್ದಾರೆಂದು ಕಾಣದು. ವಾಡಿಕೆಯಂತೆ ಟ್ರೂಸ್ ಹಗ್ಗ ಎಸೆದಳು. ಯಾರೋ ಹಿಡಿದು ಗೂಟಕ್ಕೆ ಕಟ್ಟಿ, ಆಯಿತು ಎಂಬಂತೆ ಎರಡು ಸಲ ಜಗ್ಗಿದರು.

"ನನ್ ಗಂಡನಿಗಿಂತ ನೀವೇ ವಾಸಿ. ನಮ್ ಜೊತೆಗೇ ಬಂದ್ಬಿಡಿ," ಎಂದು ಅವಳು ಕೂಗಿ ನಕ್ಕಳು.

ಹಿಂದಿನ ಗೇಟು ಮುಚ್ಚಿಕೊಂಡು, ತೊಟ್ಟಿಗೆ ನೀರು ತುಂಬಿ, ದೋಣಿ ಮೇಲೆ ಬಂದಾಗ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಗೂಟ ಬಿಸಿಲಿಗೆ ಕಾದಿತ್ತು. ಹಗ್ಗ ಮಾತ್ರ ಮಂಜಿನಷ್ಟು ತಣ್ಣಗಿತ್ತು.

ಮರುದಿನ ಇಳಿಯುವ ತೊಟ್ಟಿ. ನೀರು ಇಳಿಯುವಾಗ ಹಗ್ಗಕ್ಕೆ ಗಂಟು ಹಾಕಬಾರದು. ಹಾಕಿದರೆ ದೋಣಿ ಗೋಡೆಗೆ ನೇತುಬಿದ್ದು ಮಗುಚುತ್ತದೆ. ಟ್ರೂಸ್ ಅದನ್ನು ಗೂಟಕ್ಕೆ ಬಳಸಿ ಸಡಿಲ ಬಿಡುತ್ತಿದ್ದಳು. ನೀರು ಅರ್ಧ ಇಳಿದಾಗ ಯಾರೋ ಎರಡು ಸಲ ಜಗ್ಗಿದಂತಾಯಿತು. ದೋಣಿ ವಾಲಿತು.

"ಗಂಟು ಯಾಕ್ ಹಾಕ್ದೆ?"

"ನಾನ್ ಹಾಕಿಲ್ಲ. ಕೊಯ್ದ್ಬಿಡು, ಬೇಗ."

ಅಡುಗೆಯ ಚಾಕುವಿನಿಂದ ಕೊಯ್ದೆ. ದೋಣಿ ಧೊಪ್ಪನೆ ನೀರಿಗೆ ಬಿತ್ತು. ಎದುರು ದಂಡೆಯಲ್ಲಿ ನಿಂತಿದ್ದ ಗೇಟಿನವನನ್ನು, ಗಂಟು ಹಾಕಿದ್ದು ಯಾರು ಎಂದು ಕೇಳಿದೆ.

"ಆ ಕಡೆ ಯಾರೂ ಇಲ್ವಲ್ಲ ಸ್ವಾಮಿ," ಎಂದ.

ಅವನು ಹಾಗೆನ್ನುತ್ತಿರುವಾಗಲೇ ಗೋಡೆಗೆ ನೇತಾಡುತ್ತಿದ್ದ ತುಂಡು ಹಗ್ಗ, ಬಾವಿಯಿಂದ ಯಾರೋ ಸೇದಿಕೊಳ್ಳುವಂತೆ, ಮೊಳಮೊಳವಾಗಿ ಮೇಲೆ ಹೋಗುತ್ತಿತ್ತು.