ಮೈಲುತುತ್ತದ ಕೈಗಳು

"ಪೇಷಂಟ್ ಯಾರ್ರಿ, ನೀವೋ ನಿಮ್ಮ ಅವ್ವನೋ?"

ನಾನು ಸಮ್ಯಕ್‌ಗೆ ಆಡಿದ ಮೊದಲ ಮಾತು ಅದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಪಾತ್ರೆ-ಬಾಂಡೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾನು ಕೆಲಸ ಮಾಡುವ ಲ್ಯಾಬ್. ಅವನ ತಾಯಿ ರೇಣವ್ವ ಶುಗರ್ ಟೆಸ್ಟಿಗೆಂದು ತಿಕೋಟಾದಿಂದ ಬಂದಿದ್ದರು. ಅವರು ತೋಳು ಚಾಚಿ ನಿರಾಳವಾಗಿ ಕೂತಿದ್ದರೆ, ಪಕ್ಕದಲ್ಲಿದ್ದ ಆರಡಿ ಎತ್ತರದ ಮಗ ಸೂಜಿ ಕಂಡದ್ದೇ ಬೆವೆತು, ಗೋಡೆ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ.

"ಅಂವಗ ರಕ್ತ ಕಂಡ್ರ ಆಗಿ ಬರೂದಿಲ್ಲ ಬೇ," ಅಂದರು ರೇಣವ್ವ. "ದ್ರಾಕ್ಷಿ ತ್ವಾಟದಾಗ ಅಷ್ಟ ಹುಲಿ."

"ಆತೇನ್ರಿ?" ಕಣ್ಣು ಮುಚ್ಚಿಕೊಂಡೇ ಕೇಳಿದ.

"ಆಗಿ ಐದು ನಿಮಿಷ ಆತು. ಕಣ್ಣು ತಗೀರಿ, ಬೆಳಕು ಹರದೈತಿ."

ತೆರೆದ. ತೆರೆದವನು ನನ್ನನ್ನೇ ನೋಡಿದ. ಮೂವತ್ಮೂರು ವರ್ಷದ ವಿಧವೆ ನಾನು, ನೋಟಗಳಿಗೇನೂ ಹೊಸಬಳಲ್ಲ. ಆದರೂ ಟ್ಯೂಬಿನ ಮೇಲೆ ರೇಣವ್ವ ಎಂದು ಬರೆಯುವ ಜಾಗದಲ್ಲಿ ನೀಲಾ ಎಂದು ನನ್ನ ಹೆಸರನ್ನೇ ಬರೆದುಬಿಟ್ಟೆ.

ರಿಪೋರ್ಟನ್ನು ಅಂದೇ ಸಂಜೆ ವಾಟ್ಸಾಪಿಗೆ ಕಳಿಸಿದ್ದೆ. ಮಾರನೆಯ ವಾರ ಅವನು ಅರ್ಧ ಕಿಲೋ ಒಣದ್ರಾಕ್ಷಿ ಹಿಡಿದು ಮತ್ತೆ ಬಂದ.

"ಕಾಗದದ ರಿಪೋರ್ಟ್ ಬೇಕಾಗಿತ್ರಿ."

ಕೊಟ್ಟೆ. ಅದರ ಮುಂದಿನ ವಾರವೂ ಬಂದ. "ಆ ಕಾಗದ ಕಳದೈತ್ರಿ."

"ಮೂರನೇ ವಾರಕ್ಕ ಏನ್ ನೆವ ಹುಡುಕೀರಿ?"

"ಇನ್ನೂ ಹುಡುಕಾಕತ್ತೇನ್ರಿ," ಅಂದ. ಇಂಥವನ ಜೊತೆ ಜಗಳ ಆಡುವುದಾದರೂ ಹೇಗೆ?

ತಿಕೋಟಾದ ಹತ್ತಿರ ಅವನದು ಎರಡು ಎಕರೆ ದ್ರಾಕ್ಷಿ ತೋಟ. ಬಳ್ಳಿ ಕತ್ತರಿಸುವುದು, ಕಸಿ ಕಟ್ಟುವುದು, ಔಷಧ ಹೊಡೆಯುವುದು ಎಲ್ಲ ಅವನೇ. ಔಷಧಕ್ಕೆ ಬೆರೆಸುವ ಮೈಲುತುತ್ತದ ನೀಲಿ ಬಣ್ಣ ಅವನ ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿತ್ತು. ಆ ಕೈಯಲ್ಲೇ ಒಂದು ಸಂಜೆ, ಗಾಂಧಿ ಚೌಕದ ಆಟೋಗಳ ನಡುವೆ ರಸ್ತೆ ದಾಟಿಸುವ ನೆಪ ಮಾಡಿ ನನ್ನ ಕೈ ಹಿಡಿದ. ಈ ಊರಿನಲ್ಲೇ ಹುಟ್ಟಿ ಬೆಳೆದವಳಿಗೆ ರಸ್ತೆ ದಾಟಿಸಲು ತಿಕೋಟಾದವನು ಬೇಕೇ! ಆದರೂ ಆಚೆ ದಡ ಸೇರಿದ ಮೇಲೂ ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಮೊದಲ ಗಂಡ ರಾಜಾರಾಮ ಬೈಕ್ ಅಪಘಾತದಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಮಗು ಆಗಿರಲಿಲ್ಲ. ಆ ಆಸೆಯನ್ನು ನಾನು ಟ್ರಂಕಿನಲ್ಲಿ ಮಡಚಿಟ್ಟುಬಿಟ್ಟಿದ್ದೆ. ಸಮ್ಯಕ್ ಬಂದು ಅದನ್ನು ಹೊರಗೆ ತೆಗೆದ. ಬರುವ ದಸರೆಗೆ, ಅಶೋಕ ವಿಜಯದಶಮಿಯ ದಿನ ಮದುವೆ ಎಂದು ಎರಡೂ ಮನೆಯವರು ಮಾತಾಡಿದ ದಿನವೇ ಅವನು ಕೇಳಿದ್ದ: "ಎರಡು ಸಾಕೋ, ಮೂರು ಬೇಕೋ?"

"ಒಂದು ಬರಲಿ ಮೊದಲ," ಅಂದಿದ್ದೆ. ಅಂದಿದ್ದೇನೋ ಹಾಗೆ. ಮನಸ್ಸಿನಲ್ಲಿ ಎರಡು ಹೆಸರು ಆಗಲೇ ಇಟ್ಟಾಗಿತ್ತು.

*

ಮಾರ್ಚಿನಲ್ಲಿ ಮಹಿಳಾ ದಿನಕ್ಕೆಂದು ಲ್ಯಾಬಿನ ಹೆಣ್ಣುಮಕ್ಕಳಿಗೆಲ್ಲ ಗರ್ಭಕೋಶದ ಬಾಯಿಯ ಪರೀಕ್ಷೆ ಪುಕ್ಕಟೆ ಮಾಡಿದರು. ನನ್ನ ಡಬ್ಬಿಯ ಮೇಲೆ ನನ್ನ ಹೆಸರನ್ನು ನಾನೇ ಬರೆದೆ. ಈ ಸಲ ತಪ್ಪೇನೂ ಆಗಿರಲಿಲ್ಲ. ಹತ್ತು ದಿನದ ನಂತರ ಪರದೆಯ ಮೇಲೆ ಬಂದದ್ದೂ ನನ್ನ ಹೆಸರೇ. ಎಚ್‌ಪಿವಿ, ಆ ಜಾಗಕ್ಕೆ ಕ್ಯಾನ್ಸರ್ ತರಬಲ್ಲ ವೈರಸ್, ಪಾಸಿಟಿವ್.

ಎಷ್ಟು ಜನರಿಗೆ ಎಂಥೆಂಥ ರಿಪೋರ್ಟ್ ಕೊಟ್ಟವಳು ನಾನು. 'ಗಾಬರಿ ಆಗಬ್ಯಾಡ್ರಿ, ಡಾಕ್ಟರ್‌ಗೆ ತೋರ್ಸ್ರಿ' ಎಂದು ಗಿಳಿಯಂತೆ ಹೇಳುತ್ತಿದ್ದೆ. ಅವತ್ತು ನನಗೆ ಹೇಳುವವರು ಯಾರೂ ಇರಲಿಲ್ಲ. ಪ್ರಿಂಟ್ ತೆಗೆದು, ನಾಲ್ಕು ಮಡಿಕೆ ಮಾಡಿ, ಪರ್ಸಿನಲ್ಲಿ ಇಟ್ಟುಕೊಂಡೆ.

ಜಲನಗರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಡಾಕ್ಟರ್ ಸಬೀರಾ ಅವರ ಕ್ಲಿನಿಕ್. ಅವರು ಆ ಜಾಗದಿಂದ ಒಂದು ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಬಾಗಿಲು ಹಾಕಿಕೊಂಡು ಕೂತು ಮಾತಾಡಿದರು.

"ಕ್ಯಾನ್ಸರ್ ಆಗೂದಕ್ಕಿಂತ ಹಿಂದಿನ ಹಂತ ಇದು. ಆ ಭಾಗ ಅಷ್ಟ ಕತ್ತರಿಸಿ ತಗೀಬೇಕು."

"ಇದು ನನಗ ಯಾರಿಂದ ಬಂತ್ರಿ ಮೇಡಂ?"

"ಯಾರಿಂದ, ಯಾವಾಗ ಅಂತ ಹೇಳಾಕ ಬರೂದಿಲ್ಲ ನೀಲಾ. ಭಾಳ ಮಂದಿಗೆ ಬರ್ತದ, ತಾನ ಹೋಗ್ತದ. ಕೆಲವರಿಗೆ ವರ್ಷಗಟ್ಟಲೆ ಒಳಗ ಉಳೀತದ. ಇದರಾಗ ನಿನ್ನ ತಪ್ಪೇನೂ ಇಲ್ಲ."

"ಮಕ್ಕಳು?"

"ಈ ಆಪರೇಷನ್ ಆದ ಮ್ಯಾಲ ಮಕ್ಕಳಾದವರು ಭಾಳ ಮಂದಿ ಇದ್ದಾರ. ಆದ್ರ ತಗದ ತುಣುಕು ಪೂರ್ತಿ ನೋಡೂತನಕ ನಾ ಖಾತ್ರಿ ಕೊಡೂದಿಲ್ಲ."

ಖಾತ್ರಿ ಇಲ್ಲ ಎನ್ನುವ ಒಂದು ಮಾತನ್ನು ಎತ್ತಿಕೊಂಡು ನಾನು ತಿಕೋಟಾದ ಬಸ್ ಹತ್ತಿದೆ.

ತೋಟದಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದಿತ್ತು. ಟೊಂಗೆಗಳನ್ನೆಲ್ಲ ಸವರಿ ಬಳ್ಳಿಗಳು ಬೋಳಾಗಿದ್ದವು. ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಸಮ್ಯಕ್ ಮೊದಲು ಕೇಳಿದ್ದು, "ನೋವಾಗ್ತದೇನು?"

ಆಮೇಲೆ ನನಗೆ ಸಮಾಧಾನ ಹೇಳಲು ಹೋಗಿ, "ನೋಡು, ಚಾಟ್ನಿ ಮಾಡಿದ ಮ್ಯಾಲ ಬಳ್ಳಿ ಹೆಂಗ ಚಿಗೀತದ..." ಅಂದ.

"ನಾ ಏನ್ ನಿಮ್ಮ ತ್ವಾಟದ ಬಳ್ಳಿ ಏನ್ರಿ?" ಸಿಡಿದೆ. "ಇದು ಹೆಂಗ ಬರ್ತದ ಅಂತಾದ್ರೂ ಗೊತ್ತೈತೇನ್ರಿ? ಗಂಡ ಹೆಂಡ್ತಿ ಕೂಡಿದ್ರ ಬರ್ತದ. ರಾಜಾರಾಮನಿಂದ ಬಂದಿರಬೇಕು."

ಅವನು ಬೋಳು ಬಳ್ಳಿಯ ಕಡೆ ತಿರುಗಿ, ಸಡಿಲಾಗಿದ್ದ ಒಂದು ಕಟ್ಟನ್ನು ಬಿಗಿದ. ಹೋಯಿತು, ಮುಗಿಯಿತು ಅಂದುಕೊಂಡೆ.

"ಪಾಪ," ಅಂದ ಕೊನೆಗೆ. "ಅಂವಗೂ ಗೊತ್ತಿದ್ದಿರಾಕಿಲ್ಲ."

ಸತ್ತವನ ಮೇಲೂ ಕನಿಕರ ತೋರಿಸುವ ಗಂಡಸನ್ನು ನಾನು ಅವತ್ತೇ ಮೊದಲು ನೋಡಿದ್ದು. ಆ ಕ್ಷಣದಲ್ಲಿ ಅವನ ಮೇಲೆ ಹುಟ್ಟಿದ ಪ್ರೀತಿ ಎದೆಯಲ್ಲಿ ಹಿಡಿಸಲಾರದಷ್ಟಿತ್ತು.

*

ಆದರೆ ಮಾರನೆಯ ವಾರದಿಂದ ಅವನು ನನ್ನ ಕೈ ಹಿಡಿಯುವುದನ್ನು ಬಿಟ್ಟ.

ಚಹಾದ ಕಪ್ಪನ್ನು ಕೈಗೆ ಕೊಡುತ್ತಿರಲಿಲ್ಲ, ಕಟ್ಟೆಯ ಮೇಲೆ ಇಟ್ಟು ದೂರ ಸರಿಯುತ್ತಿದ್ದ. ರಸ್ತೆ ದಾಟುವಾಗ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಮಾತು ಮಾತ್ರ ಮೊದಲಿನದೇ, ನಗುವೂ ಮೊದಲಿನದೇ. ಬಾಯಲ್ಲಿ ಬೆಲ್ಲ, ಮನಸ್ಸಿನಲ್ಲಿ ಹೇಸಿಗೆ ಎಂದು ನಾನು ತೀರ್ಮಾನಿಸಿದೆ. ಕೇಳಲು ಸ್ವಾಭಿಮಾನ ಬಿಡಲಿಲ್ಲ. ಎಷ್ಟಂದರೂ ಬಾಯಿ ಜೋರಿದ್ದವರೇ ಕೇಳಬೇಕಾದ್ದನ್ನು ಕೇಳುವುದಿಲ್ಲ.

ಜೂನ್ ತಿಂಗಳಲ್ಲಿ ಅವನ ತಂಗಿ ಆಮ್ರಪಾಲಿಯ ಕುಬಸದ ಕಾರ್ಯ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಸಂಭ್ರಮ. ಬಬಲೇಶ್ವರದ ಅವಳ ಗಂಡನ ಮನೆಗೆ ನನ್ನನ್ನೂ ಕರೆದಿದ್ದರು.

ಬುದ್ಧ ವಂದನೆ ಮುಗಿಯಿತು. ಮುತ್ತೈದೆಯರು ಒಬ್ಬೊಬ್ಬರಾಗಿ ಸೆರಗು ಒಡ್ಡಿ ಕೂತರು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು. ಬುದ್ಧನ ದಾರಿ ಹಿಡಿದ ಮೇಲೆ ನಮ್ಮ ಮಂದಿ ಎಷ್ಟೋ ಹಳೆಯದನ್ನು ಬಿಟ್ಟಿದ್ದಾರೆ. ಉಡಿಯ ಅಕ್ಕಿ ಮಾತ್ರ ಇನ್ನೂ ವಿಧವೆಯರನ್ನು ದಾಟಿಯೇ ಹೋಗುತ್ತದೆ. ಆರು ವರ್ಷದಿಂದ ಅಭ್ಯಾಸವಾಗಿದ್ದ ಹಾಗೆ ನಾನು ಬಾಗಿಲ ಬಳಿ ಸರಿದು ನಿಂತೆ.

"ನೀಲಾ, ಬಾ ಬೇ. ಸೆರಗು ಒಡ್ಡು," ರೇಣವ್ವ ಎಲ್ಲರೆದುರು ಕರೆದರು.

ಹೆಂಗಸರೆಲ್ಲ ತಿರುಗಿ ನೋಡಿದರು. ನನ್ನ ಹೊಟ್ಟೆಯಲ್ಲಿ ಏನಿದೆ ಎಂದು ಅಷ್ಟು ಹೆಂಗಸರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. "ಲಗ್ನ ಆಗ್ಲಿ ಅತ್ತಿ," ಅಂದೆ.

ತಪ್ಪಿಸಿಕೊಳ್ಳಲು ಬಳೆಯ ತಟ್ಟೆ ಎತ್ತಿಕೊಂಡು ಹೊರಗೆ ಬಂದೆ. ಪಡಸಾಲೆಯಲ್ಲಿ ಸಮ್ಯಕ್ ಇದ್ದ. "ಹಿಡೀರಿ ಇದನ್ನ," ಎಂದು ತಟ್ಟೆ ಚಾಚಿದೆ. ನನ್ನ ಬೆರಳು ಅವನ ಬೆರಳಿಗೆ ತಾಗಿತು. ಬೆಂಕಿ ತಾಗಿದವನಂತೆ ಅವನು ಕೈ ಹಿಂದೆಗೆದ. ತಟ್ಟೆ ನೆಲಕ್ಕೆ ಬಿತ್ತು. ಹಸಿರು ಬಳೆಗಳೆಲ್ಲ ಚೂರು ಚೂರು.

ಒಳಗಿನಿಂದ ಯಾರೋ "ಅಯ್ಯ ಯವ್ವಾ!" ಅಂದರು. ಬಸುರಿಯ ಬಳೆ ಒಡೆದವಳು ವಿಧವೆ. ಇನ್ನೇನು ಬೇಕು ಆಡಿಕೊಳ್ಳುವವರಿಗೆ? ನಾನು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.

ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅವನು ಓಡುತ್ತ ಬಂದ. "ನೀಲಾ, ನಿಲ್ಲು."

"ಹೇಸಿಗಿ ಬರ್ತೈತಿ ಅಂತ ಬಾಯಿ ಬಿಟ್ಟು ಹೇಳ್ರಿ! ಮುಟ್ಟಿದ್ರ ಹತ್ತೂ ರೋಗ ಅಲ್ಲ ಅದು."

"ಹೇಸಿಗಿ?" ಅಂದ ಅವನು. ಎರಡೂ ಕೈ ನನ್ನ ಮುಂದೆ ಹಿಡಿದ.

ಉಗುರಿನ ಸಂದಿಯಲ್ಲಿ ನೀಲಿ ಇರಲಿಲ್ಲ. ತಿಕ್ಕಿ ತಿಕ್ಕಿ ತೊಳೆದು ಅಂಗೈ ಕೆಂಪಾಗಿತ್ತು, ಬೆರಳ ತುದಿಯ ಚರ್ಮ ಸುಲಿದಿತ್ತು.

"ದಿನಾ ಬಿಟ್ಟು ದಿನಾ ಬಳ್ಳಿಗೆ ಔಷಧ ಹೊಡೀತೇನಿ. ಆ ವಿಷ ಹೆಣ್ಮಕ್ಕಳ ಬಸಿರಿಗೆ ಆಗೂದಿಲ್ಲ ಅಂತ ಔಷಧ ಅಂಗಡಿ ಇಸ್ಮಾಯಿಲಣ್ಣ ಹೇಳಿದ. ಡಾಕ್ಟರ್ ಖಾತ್ರಿ ಇಲ್ಲ ಅಂದಾರಂತ ನೀನ ಹೇಳಿದಿ. ಇದ್ದ ಒಂದೀಟು ಆಸೇನೂ ನನ್ನ ಕೈಲೆ ಹೋದ್ರ ಏನ್ ಮಾಡ್ಲಿ? ಎಷ್ಟು ತೊಳದ್ರೂ ಸಮಾಧಾನ ಆಗ್ಲಿಲ್ಲ."

"ಮೊದಲ ಹೇಳಾಕ ಏನ್ ಧಾಡಿ ಆಗಿತ್ತು?"

"ಹೇಳಿದ್ರ ನೀ ನಗ್ತಿದ್ದಿ."

"ನಗ್ತಿದ್ದೆ! ಕೈ ಕೈ ತಾಗಿದ್ರ ಅಷ್ಟೆಲ್ಲ ಏನೂ ಆಗೂದಿಲ್ಲೋ ಹುಚ್ಚಪ್ಪಾ!" ಮೊದಲ ಸಲ ಅವನಿಗೆ ಏಕವಚನ ಹಚ್ಚಿದ್ದೆ. ನಗಲು ಹೋಗಿ ಅತ್ತೆ. ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ, ಸಂತೆ ಚೀಲ ಹೊತ್ತ ಅಷ್ಟು ಜನರ ಎದುರು, ಮೂಗು ಒರೆಸಿಕೊಳ್ಳಲು ಸೆರಗೇ ಗತಿಯಾಯಿತು.

ಅಂದಿನಿಂದ ನಮ್ಮಿಬ್ಬರಿಗೆ ಅದೊಂದು ಆಟವಾಯಿತು. ಅವನು ಬಂದ ಕೂಡಲೇ ನಾನು, "ಕೈ ತೋರ್ಸ್ರಿ" ಅನ್ನುವುದು. ಅವನು ಶಾಲೆಯ ಹುಡುಗನ ಹಾಗೆ ಅಂಗೈ, ಮುಂಗೈ ತಿರುಗಿಸಿ ತೋರಿಸುವುದು. ನಾನು ಒಂದೊಂದೇ ಉಗುರು ನೋಡುವುದು.

"ಪಾಸ್ ಏನ್ರಿ ಅಕ್ಕೋರೆ?"

"ಹೆಬ್ಬೆರಳು ಫೇಲ್. ಹೋಗ್ರಿ, ತೊಳ್ಕೊಂಡು ಬರ್ರಿ."

ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ನಾನು ಆ ಆಟ ಬಿಡಲಿಲ್ಲ. ಇನ್ನೂ ಹುಟ್ಟದ ಒಂದು ಮಗುವಿಗಾಗಿ ಒಬ್ಬ ಗಂಡಸು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದ. ಸೋಪಿನ ವಾಸನೆಯ ಆ ತಣ್ಣನೆಯ ಕೈ ನನ್ನ ಕೈ ಸೇರಿದಾಗ, ನಾವು ಇಬ್ಬರಲ್ಲ, ಮೂವರು ಇದ್ದೇವೆ ಅನ್ನಿಸುತ್ತಿತ್ತು.

*

ಜುಲೈನಲ್ಲಿ ಗರ್ಭಕೋಶದ ಬಾಯಿಯ ಆ ಭಾಗ ತೆಗೆದರು. ಹತ್ತು ದಿನಕ್ಕೆ ಡಾಕ್ಟರ್ ಸಬೀರಾ ಕರೆಸಿದರು. ಮೇಜಿನ ಆಚೆ ಕೂರದೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು. ಒಳ್ಳೆಯ ಸುದ್ದಿ ಹೇಳುವವರು ಹಾಗೆ ಕೂರುವುದಿಲ್ಲ.

"ನಾವು ಅಂದ್ಕೊಂಡಿದ್ದಕ್ಕಿಂತ ಒಳಗ ಇಳದೈತಿ ನೀಲಾ. ಕ್ಯಾನ್ಸರ್ ಸುರು ಆಗೈತಿ. ಈಗ ತಗದ್ರ ನಿನ್ನ ಜೀವಕ್ಕ ಧೋಕಾ ಇಲ್ಲ. ಆದ್ರ ಗರ್ಭಕೋಶ ತಗೀಬೇಕು."

"ಉಳಿಸಾಕ ಬರೂದಿಲ್ಲೇನ್ರಿ?"

"ಕೆಲವರಿಗೆ ಬರ್ತದ. ದೊಡ್ಡ ಡಾಕ್ಟರ್‌ಗೂ ತೋರಿಸಿ ಕೇಳೇನಿ. ನಿನಗ ಅದು ಬ್ಯಾಡ ಅಂದ್ರು."

ಸಮ್ಯಕ್ ಪಕ್ಕದಲ್ಲೇ ಇದ್ದ. ರಕ್ತ ಕಂಡರೆ ಬೀಳುವವನು ಅವತ್ತು ಬೀಳಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ನಾನೇ ಅಂದೆ, "ನನ್ನ ಬಿಟ್ಟುಬಿಡ್ರಿ. ಬ್ಯಾರೆ ನೋಡ್ಕೊಳ್ರಿ. ನಿಮಗ ಇನ್ನೂ ಮಕ್ಕಳಾಗ್ತಾವು."

ಅವನು ಸಿಟ್ಟಾದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ನನಗ ಬರೇ ಮಕ್ಕಳು ಬೇಕಾಗಿದ್ವು ಅಂತ ಯಾರ್ ಹೇಳಿದ್ರು ನಿನಗ? ನನಗ ಬೇಕಾಗಿದ್ದು ನಿನ್ನ ಮಕ್ಕಳು." ಬೇವಿನ ಗಿಡಕ್ಕೆ ಅಂಗೈ ಬಡಿದ. "ಅವು ಇನ್ನ ಬ್ಯಾರೆ ಕಡೆ ಹುಟ್ಟೂದಿಲ್ಲ ನೀಲಾ."

ಆಗಸ್ಟಿನಲ್ಲಿ ಆಪರೇಷನ್ ಆಯಿತು. ಮೂರನೆಯ ದಿನ ಬೆಳಿಗ್ಗೆ ರೇಣವ್ವ ಒಬ್ಬರೇ ವಾರ್ಡಿಗೆ ಬಂದರು. ಕೈಯಲ್ಲಿ ಬಟ್ಟೆಯ ಗಂಟು.

"ಸಮ್ಯಾ ತ್ವಾಟದಾಗ ಅದಾನ. ಮಳಿ ಬಿಟ್ಟೈತಿ, ಔಷಧ ಹೊಡ್ದ ಬರ್ತಾನ." ಗಂಟು ಬಿಚ್ಚಿದರು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಒಂದು ಹಿಡಿ ಒಣದ್ರಾಕ್ಷಿ. "ಬಬಲೇಶ್ವರದಾಗ ಬ್ಯಾಡ ಅಂದಿ. ಈಗ ಉಡಿ ಒಡ್ಡು."

"ಈಗ್ಯಾಕ ಅತ್ತಿ? ಒಳಗ ಏನೂ ಇಲ್ಲ. ಎಲ್ಲಾ ಖಾಲಿ ಆಗೈತಿ."

"ಖಾಲಿ ಇದ್ದದ್ದನ್ನ ತುಂಬೂದು, ಹುಚ್ಚಿ. ತುಂಬಿದ್ದನ್ನ ಯಾರರ ತುಂಬ್ತಾರೇನು?"

ಆಸ್ಪತ್ರೆಯ ಅಂಗಿಗೆ ಸೆರಗು ಎಲ್ಲಿಂದ ಬರಬೇಕು? ರೇಣವ್ವ ಹೊಸ ಹಸಿರು ರವಿಕೆ ಕಣವನ್ನು ನನ್ನ ಮಡಿಲ ಮೇಲೆ ಹಾಸಿದರು. ಹೊಲಿಗೆ ನೋಯದಂತೆ, ನಿಧಾನವಾಗಿ, ಐದು ಹಿಡಿ ಅಕ್ಕಿ ಹಾಕಿದರು. ಅಕ್ಕಿಯ ಭಾರ ಅಷ್ಟಿರುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು. "ದಸರಾಕ್ಕ ಮನೀಗೆ ಬಾ," ಎಂದು ತಲೆ ಸವರಿ, ಅಳು ಕಾಣಬಾರದೆಂದು ಹೊರಗೆ ಹೋದರು.

ಮಧ್ಯಾಹ್ನ ಸಮ್ಯಕ್ ಬಂದ. ಓಡಿ ಬಂದ ಏದುಸಿರು, ಅಂಗಿಯ ಮೇಲೆಲ್ಲ ಕೆಸರು. ಮಂಚದ ಹತ್ತಿರ ಬಂದವನಿಗೆ ನಾನು ರೂಢಿಯಂತೆ ಅಂದುಬಿಟ್ಟೆ:

"ಕೈ ತೋರ್ಸ್ರಿ."

ಅವನು ಕೈ ಚಾಚಿದ. ಉಗುರು, ಬೆರಳು, ಮಣಿಕಟ್ಟಿನವರೆಗೂ ಮೈಲುತುತ್ತದ ನೀಲಿ.

"ಅಯ್ಯ, ಬಸ್ ಹೋಗ್ತೈತಂತ ಹಂಗ ಓಡಿ ಬಂದೆ. ತಡಿ, ತೊಳ್ಕೊಂಡು ಬರ್ತೇನಿ."

ವಾರ್ಡಿನ ಮೂಲೆಯ ನಲ್ಲಿಯವರೆಗೆ ಹೋದ. ನಲ್ಲಿಯ ಮೇಲೆ ಕೈ ಇಟ್ಟ. ತಿರುಗಿಸಲಿಲ್ಲ. ನನಗೆ ಬೆನ್ನು ಮಾಡಿ ಹಾಗೆಯೇ ನಿಂತುಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಭುಜ ಅಲುಗತೊಡಗಿತು.

"ಬರ್ರಿ ಇಲ್ಲಿ," ಅಂದೆ. "ಇನ್ನ ತೊಳ್ಯೂದು ಬ್ಯಾಡ."

ಬಂದ. ಮಂಚದ ಪಕ್ಕ ನೆಲಕ್ಕೆ ಕೂತು, ಆ ಎರಡೂ ನೀಲಿ ಕೈಗಳಲ್ಲಿ ನನ್ನ ಕೈ ಹಿಡಿದುಕೊಂಡು, ಮುಖ ಒತ್ತಿ ಹೋ ಎಂದು ಅತ್ತ. ನಾನೂ ಅತ್ತೆ. ಸೋಪಿನ ವಾಸನೆ ಇರಲಿಲ್ಲ. ಅವನ ಕೈ ಔಷಧ ಮತ್ತು ಹಸಿ ಎಲೆಯ ವಾಸನೆ ಬರುತ್ತಿತ್ತು, ಬೆಚ್ಚಗಿತ್ತು. ಸಂಜೆ ನರ್ಸ್ ಬಂದು ಏಳಿಸುವವರೆಗೂ ಅವನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.