'ಬರ್ತೀನಿ' ಅನ್ನಬಾರದ ಮನೆ

ಲಾರಿಗೆ ಎರಡು ತಿಂಗಳ ಸಂಬಳ ಹೋಯಿತು. ಮನೆಯ ಮುಂಗಡಕ್ಕೆ ಇನ್ನೆರಡು ತಿಂಗಳದ್ದು. ದೇಶದ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಕಪಾಟಿನ ಕನ್ನಡಿ, ಜೊತೆಗೆ ಬಂದ ಅಕ್ಕನ ಹೊಲಿಗೆ ಯಂತ್ರದ ಒಂದು ಕಾಲು, ಆರು ಗಾಜಿನ ಲೋಟ ಮುರಿದವು. ಅವನು ಸತ್ತ ಹೆಂಡತಿಯ ಬಟ್ಟೆಗಳನ್ನು ಯಾರಿಗೋ ಕೊಟ್ಟು ಬಂದಿದ್ದ. ಅದನ್ನು ಯಾವ ಲೆಕ್ಕಕ್ಕೆ ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ. ಅಗ್ಗವಾಗಿ ಸಿಕ್ಕಿದ್ದು ಹೊಸ ಮನೆಯ ಬಾಡಿಗೆಯೊಂದೇ.

"ಯಾಕೆ ಅಗ್ಗ ಅಂತ ಕೇಳಿದ್ಯೇನಪ್ಪಾ?" ಎಂದಳು ಎದುರುಮನೆಯ ಅಜ್ಜಿ, ಸಾಮಾನು ಇಳಿಸುತ್ತಿರುವಾಗಲೇ. ಆ ಬೀದಿಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಸೂಲಗಿತ್ತಿಯ ಕೆಲಸ ಬಿಟ್ಟಿದ್ದರೂ, ಕೇಳದೆ ಬುದ್ಧಿ ಹೇಳುವುದನ್ನು ಬಿಟ್ಟಿರಲಿಲ್ಲ.

"ಯಾಕಜ್ಜಿ, ನಲ್ಲೀಲಿ ನೀರು ಬರಲ್ವಾ?"

"ನೀರು ಬರುತ್ತೆ. ಬೇರೇದೂ ಬರುತ್ತೆ. ನೋಡು, ಈ ಹೊಸ್ತಿಲು ದಾಟುವಾಗ 'ಬರ್ತೀನಿ' ಅನ್ಬೇಡ. 'ಹೋಗ್ತೀನಿ' ಅನ್ನು."

ಅವನಿಗೆ ನಗು ತಡೆಯಲಾಗಲಿಲ್ಲ. "ಹೋಗ್ತೀನಿ ಅಂದ್ರೆ ಎಲ್ರೂ ಬೈತಾರೆ. ನೀವು ಉಲ್ಟಾ ಹೇಳ್ತೀರಲ್ಲ!"

"ಮಾಟ ಮಾಡಿಸಿರೋ ಹೊಸ್ತಿಲು ಕಣೋ."

"ಅಜ್ಜೀ, ನಾನು ಆಸ್ಪತ್ರೇಲಿ ಎಕ್ಸ್‌ರೇ ತೆಗೆಯೋನು. ಹದಿನಾಲ್ಕು ವರ್ಷದಿಂದ ಜನರ ಒಳಗೇ ನೋಡ್ತಾ ಇದೀನಿ. ಎಲುಬು ಬಿಟ್ರೆ ಇನ್ನೇನೂ ಕಾಣ್ಲಿಲ್ಲ."

ಅಜ್ಜಿ ನಗಲಿಲ್ಲ. ಅವನ ಕಾಲಿಗೆ ಆತುಕೊಂಡು ನಿಂತಿದ್ದ ಆರು ವರ್ಷದ ಮಗಳು ಪುಟ್ಟಿಯನ್ನು ನೋಡಿದಳು. "ನಿನಗೋಸ್ಕರ ಹೇಳ್ತಿಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಅಜ್ಜಿಯ ಮಾತು ಕೇಳಬೇಕೆಂದಿದ್ದರೂ ಅವನಿಂದ ಆಗುತ್ತಿರಲಿಲ್ಲ. ಹಿಂದಿನ ವರ್ಷ ಪುಟ್ಟಿಯ ಅಮ್ಮನನ್ನು ಆಸ್ಪತ್ರೆಗೆ ಒಯ್ದಾಗ ಅವಳಿಗೆ ಮಾತು ನಿಂತುಹೋಗಿತ್ತು. ಮಗಳ ಕಡೆ ಕೈ ಬೀಸಲೂ ಆಗಿರಲಿಲ್ಲ. ಆಮೇಲೆ ಪುಟ್ಟಿ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದಳು: ಅಮ್ಮ 'ಬರ್ತೀನಿ' ಅನ್ನಲಿಲ್ಲ, ಅದಕ್ಕೇ ಬರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಹೇಳು."

"ಬರ್ತೀನಿ."

"ಮೂರು ಸಲ ಹೇಳು."

ಮೂರು ಸಲ ಹೇಳಿ ಹೊರಡುತ್ತಿದ್ದ. ಹೊಸ್ತಿಲ ಮೇಲೆ ಕಾಲಿಟ್ಟಾಗ ಆ ಮರ ಒದ್ದೆ ಮಣ್ಣಿನಂತೆ ತಣ್ಣಗಿರುತ್ತಿತ್ತು. ಹಳೇ ಮನೆ, ತೇವ ಇರುತ್ತದೆ ಎಂದುಕೊಂಡ.

ಮೂರನೆಯ ವಾರ, ಒಂದು ಸಂಜೆ, ಅಕ್ಕ ರೇಗಿದಳು. "ಅಲ್ವೋ, ದಿನಾ ಮಧ್ಯಾಹ್ನ ಮೂರು ಗಂಟೆಗೆ ಬಂದು ಬಿದ್ಕೋತೀಯಲ್ಲ, ಹೊಸ ಕೆಲಸ, ಓಡಿಸ್ತಾರೆ ಅಷ್ಟೆ."

"ನಾನೆಲ್ಲಿ ಬಂದೆ?"

"ನನ್ನ ಬೆನ್ನ ಹಿಂದೇನೇ ಹೋಗ್ತೀಯ. ನಾನು ಸೂಜಿ ಮೇಲಿಂದ ಕಣ್ಣು ತೆಗೆಯಲ್ಲ, ನಿಜ. ಆದ್ರೆ ಆ ಹುಳಿ ವಾಸನೆ ಬೇರೆ ಯಾರಿಗಿರುತ್ತೆ?"

ಫಿಲ್ಮು ತೊಳೆಯುವ ದ್ರಾವಣದ ವಾಸನೆ ಅದು. ಎಷ್ಟು ಒಗೆದರೂ ಅವನ ಅಂಗಿ ಬಿಡುತ್ತಿರಲಿಲ್ಲ. ಅಕ್ಕನಿಗೆ ವಯಸ್ಸಾಯಿತು ಎಂದು ತಮಾಷೆ ಮಾಡಿ ಎದ್ದ. ಆದರೆ ಪುಟ್ಟಿ ತಟ್ಟೆ ಮುಟ್ಟದೆ ಕೂತಿದ್ದಳು. ತುಟಿ ಬಿಳಚಿಕೊಂಡಿತ್ತು. ಬೆರಳು ಹಿಡಿದರೆ ಹೊಸ್ತಿಲು ಮುಟ್ಟಿದ ಹಾಗಿತ್ತು.

ರಕ್ತ ಪರೀಕ್ಷೆ ಮಾಡಿಸಿದ. ಏನೂ ಇಲ್ಲ. ತಾನೇ ಅವಳ ಎದೆಯ ಎಕ್ಸ್‌ರೇ ತೆಗೆದ. ಸ್ವಚ್ಛವಾಗಿತ್ತು. ಫಿಲ್ಮನ್ನು ಬೆಳಕಿಗೆ ಹಿಡಿದು ನಿಂತಿದ್ದಾಗ ಪುಟ್ಟಿ ಹೇಳಿದಳು: "ಬೆಳಿಗ್ಗೆ ಹೊತ್ತು ನೀನು ಒಳ್ಳೇವನಲ್ಲ. ಮಧ್ಯಾಹ್ನದ ಅಪ್ಪ ಗಡಿಯಾರನೇ ನೋಡಲ್ಲ."

ಅವನು ಫಿಲ್ಮನ್ನು ಕೆಳಗಿಟ್ಟ. ಆ ಸಂಜೆ ಎದುರುಮನೆಯ ಬಾಗಿಲು ತಟ್ಟಿದ.

ಅಜ್ಜಿ ಈ ಸಲ ಒಳಗೆ ಕರೆದು ಕೂರಿಸಿದಳು. "ಆ ಮನೇಲಿದ್ದವಳ ಗಂಡ ಒಂದಿನ 'ಬರ್ತೀನಿ' ಅಂದು ಹೋದ. ಬರಲಿಲ್ಲ. ಆಗ ಅವಳು ಮಾಟಗಾರನ್ನ ಕರೆಸಿ ಹೊಸ್ತಿಲ ಕೆಳಗೆ ಹೂಳಿಸಿದಳು. ಏನು ಹೂಳಿದ್ರೋ ಕಾಣೆ. ಬಯಸಿದ್ದು ಇಷ್ಟೇ, 'ಹೇಳಿದೋನು ಬರದಿದ್ರೂ ಹೇಳಿದ ಮಾತು ಬರಲಿ' ಅಂತ. ಮಾತು ಬಂತು. ಅವನದೇ ಮುಖ, ಅವನದೇ ಅಂಗಿ. ಬಂದು ಕೂತ್ಕೊಳ್ತು. ಅದರ ಜೊತೆ ಕೂತವಳು ಮತ್ತೆ ಏಳಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸಿದ್ದು ನಾನೇ. ಹಕ್ಕಿಯಷ್ಟೂ ತೂಕ ಇರಲಿಲ್ಲ."

"ಈಗಲೇ ಮಗೂನ ಎತ್ಕೊಂಡು ಹೋಗ್ತೀನಿ."

"ಎಲ್ಲಿಗೆ ಹೋದ್ರೂ ಹಿಂದೆ ಬರುತ್ತೆ. ಮಗು ಕಾಯೋದು ಬಿಟ್ಟಿಲ್ಲವಲ್ಲ. ಕಾಯೋರೇ 'ಹೋಗು' ಅನ್ಬೇಕು. ನೀನಂದ್ರೆ ಕೇಳಲ್ಲ, ನಾನಂದ್ರೂ ಕೇಳಲ್ಲ."

"ಅಪ್ಪನ ಮುಖ ನೋಡಿ 'ಹೋಗು' ಅನ್ಬೇಕಾ? ಪುಟ್ಟೀನಾ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಬೆಳಿಗ್ಗೆ, ಅದು ಬರಲೆಂದೇ, ಎಂದಿನಂತೆ ಮೂರು ಸಲ ಹೇಳಿ ಹೋದ; ಅರ್ಧ ದಿನದ ರಜೆ ಹಾಕಿ ಬಂದ. ಮೂರು ಗಂಟೆ ದಾಟಿತ್ತು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಅಕ್ಕನ ಯಂತ್ರ ಟಕಟಕ ಓಡುತ್ತಿತ್ತು. ಅವನ ಹೆಜ್ಜೆ ಕೇಳಿ ತಿರುಗಿದ ಅಕ್ಕನ ಮುಖ ಸುಣ್ಣದಂತಾಯಿತು. "ನೀನು... ಈಗ ತಾನೇ ಒಳಗೆ ಹೋದ್ಯಲ್ಲೋ."

ಯಂತ್ರ ನಿಂತಿತು.

ನಡುಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ತೆರೆದ. ಕತ್ತಲು. ಹುಳಿ ವಾಸನೆ. ಅದರ ಅಡಿಯಲ್ಲಿ ಹಸಿ ಮಣ್ಣಿನ ವಾಸನೆ. ಮಂಚದ ತುದಿಯಲ್ಲಿ ಅವನು ಕೂತಿದ್ದ. ಅವನೇ. ಅದೇ ಅಂಗಿ, ಅದೇ ಬಾಗಿದ ಬೆನ್ನು. ತೊಡೆಯ ಮೇಲೆ ಪುಟ್ಟಿ. ದಿನಕ್ಕೆ ನೂರು ಜನರಿಗೆ 'ಉಸಿರು ಹಿಡ್ಕೊಳ್ಳಿ' ಎಂದು ಹೇಳಿ ಎದೆ ನೋಡುವವನು ಮಂಚದ ಮೇಲಿದ್ದವನ ಎದೆಯನ್ನೂ ನೋಡಿದ. ಅಲುಗುತ್ತಿರಲಿಲ್ಲ. ಎಣಿಸಿದ. ಹತ್ತು. ಇಪ್ಪತ್ತು. ನಲವತ್ತು. ಅಲುಗಲಿಲ್ಲ.

"ಪುಟ್ಟೀ, ಇಲ್ಲಿ ಬಾ."

"ನೀನ್ಯಾಕೆ ಬಂದೆ? ಅಪ್ಪ ಆಗ್ಲೇ ಬಂದಿದಾನೆ."

"ಅವನು ಅಪ್ಪ ಅಲ್ಲ ಕಂದಾ. ನಾನು ಆಡಿದ ಮಾತು. ಅಷ್ಟೇ."

"ನೀನು ಹೋಗ್ತೀಯ. ಇವನು ಹೋಗಲ್ಲ."

ಸುಳ್ಳು ಹೇಳಬಹುದಿತ್ತು. ಇನ್ನೆಂದೂ ಹೋಗಲ್ಲ ಎನ್ನಬಹುದಿತ್ತು. ಈ ಮನೆಯಲ್ಲಿ ಆ ಮಾತಿಗೂ ಕಾಲು ಬಂದೀತೆಂದು ಹೆದರಿದ. ನೆಲದ ಮೇಲೆ ಕೂತು ನಿಜ ಹೇಳಿದ.

"ಹೌದು, ನಾನು ಹೋಗ್ತೀನಿ. ದಿನಾ ಹೋಗ್ತೀನಿ. ಒಂದಿನ ಬರದೇನೂ ಇರಬಹುದು. ಅಮ್ಮ 'ಬರ್ತೀನಿ' ಅಂದಿದ್ರೂ ಬರೋಕಾಗ್ತಿರಲಿಲ್ಲ ಪುಟ್ಟಿ. ಅವಳಿಗೆ ಬರೋ ಆಸೆ ಇತ್ತು. ಆಗ್ಲಿಲ್ಲ."

ಪುಟ್ಟಿಯ ಬಾಯಿ ಸೊಟ್ಟಗಾಯಿತು. ಸದ್ದಿಲ್ಲದೆ ಅತ್ತಳು. ಅತ್ತು ಅತ್ತು ತಾನು ಕೂತಿದ್ದ ತೊಡೆಯಿಂದ ಇಳಿದಳು. ಆ ಮುಖವನ್ನು ನೋಡಿದಳು. ಈ ಮುಖವನ್ನು ನೋಡಿದಳು. ಎರಡರಲ್ಲೂ ನೀರು ಇಳಿಯುತ್ತಿತ್ತು.

"ಹೋಗು" ಎಂದಳು, ಮಂಚದ ಕಡೆಗೆ.

ಅದು ಎದ್ದಿತು. ಮಂಚ ಕಿರುಗುಟ್ಟಲಿಲ್ಲ. ಅವನ ಪಕ್ಕದಿಂದ ಸರಿದು ಹೋಯಿತು. ಮೈಯೆಲ್ಲ ಮರಗಟ್ಟಿತು. ಅಕ್ಕ ಗೋಡೆಗೆ ಒತ್ತಿಕೊಂಡಳು. ಹೊಸ್ತಿಲ ಮೇಲೆ ನಿಂತು ಅದು ತಿರುಗಿತು. ಅವನದೇ ದನಿ. ಬೆಳಿಗ್ಗೆಯ ದನಿ.

"ಬರ್ತೀನಿ, ಪುಟ್ಟಿ."

ಒಂದು ಸಲವಾಯಿತು. ಎರಡು ಸಲವಾಯಿತು. ಮೂರನೆಯದಕ್ಕೆ ಬಾಯಿ ತೆರೆಯಿತು.

"ಬೇಡ!" ಪುಟ್ಟಿ ಕಿರುಚಿದಳು. "ಬರಬೇಡ. ಹೋಗು. ಅಪ್ಪಾ, ಹೋಗು!"

ಹೊಸ್ತಿಲು ಬರಿದಾಗಿತ್ತು. ಹೊರಗೆ ಬಿಸಿಲಲ್ಲೂ ಏನೂ ಇರಲಿಲ್ಲ.

ಆ ಸಂಜೆಯೇ ಮನೆ ಖಾಲಿ ಮಾಡಿದರು. ಈಗ ಎರಡು ಬೀದಿ ಆಚೆ, ದುಬಾರಿ ಬಾಡಿಗೆಯ ಮನೆಯಲ್ಲಿದ್ದಾರೆ. ಪುಟ್ಟಿ ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಕೆನ್ನೆ ತುಂಬಿಕೊಂಡಿದೆ. ಅವನು ಸಂಜೆ ಬಂದರೆ ಎದ್ದು ನಿಂತು, "ನೀವು ಊಟ ಮಾಡ್ತೀರಾ?" ಎಂದು ಮನೆಗೆ ಬಂದ ನೆಂಟರನ್ನು ಕೇಳುವಂತೆ ಕೇಳುತ್ತಾಳೆ.

"ಅಪ್ಪಂಗೆ ಯಾವಾಗಿಂದ್ಲೇ ಈ 'ನೀವು'?" ಎಂದು ಅಕ್ಕ ಒಂದು ದಿನ ಗದರಿದಳು.

"ನಾನು 'ನೀನು' ಅಂತಿದ್ದ ಅಪ್ಪನ್ನ ಕಳಿಸಿಬಿಟ್ನಲ್ಲ ಅತ್ತೆ" ಎಂದಳು ಪುಟ್ಟಿ.

ಅವನು ಮಗಳನ್ನು ಉಳಿಸಿಕೊಂಡ. ಅವಳು ತನ್ನನ್ನು 'ನೀನು' ಎನ್ನುವುದನ್ನು ಕಳೆದುಕೊಂಡ.